ಅಂಟು ಎಂಬ ಮಾತು

ನಾಸಿಕ್ ರೋಡಿನಲ್ಲಿ ಪುಷ್ಯಮಾಸದ ಚಳಿ ಬಲಿಯುತ್ತಿದ್ದ ದಿನಗಳಲ್ಲಿ, ನೆರೆಯ ಕನ್ನಡಿಗರ ಮನೆಗೆ ಮಗಳ ಬಾಣಂತನಕ್ಕೆಂದು ಗೋಕಾಕದಿಂದ ಬಂದಿದ್ದ ವೃದ್ಧೆಯೊಬ್ಬರು, ಉಂಡೆ ಕಟ್ಟಲು ಪಾವು ಕಿಲೋ ಅಂಟು ತರುವಂತೆ ದೊಡ್ಡ ಮೊಮ್ಮಗನಿಗೆ ಹೇಳಿದರು. ‘ಅಜ್ಜಿ, ಅಂಟು ಅಂದ್ರ ರೋಗ ಅಲ್ಲೇನು?’ ಎಂದು ಹುಡುಗನು ಬೆರಗಾಗಿ ಕೇಳಿದನು. ರಜೆಯಲ್ಲಿ ಅವನಿಗೆ ಓದಿಸುತ್ತಿದ್ದ ಕನ್ನಡ ಪುಸ್ತಕದಲ್ಲಿ ಆ ಮಾತು ‘ಅಂಟುರೋಗ’ವೆಂಬ ಸಮಾಸದಲ್ಲಿ ಮಾತ್ರ ಬಂದಿತ್ತು, ಅಂಗಡಿಯಲ್ಲಿ ಅವನು ಕೇಳಿ ತಂದದ್ದು ಮರಾಠಿಯ ಡಿಂಕ.

ಆ ಪ್ರಶ್ನೆ ನನ್ನ ಮನಸ್ಸನ್ನು ಇಂದಿಗೂ ಕೊರೆಯುತ್ತಿದೆ. ಅಂಟು ಎಂಬುದು ಕ್ರಿಯಾಪದವಾಗಿ ಹತ್ತಿಕೊಳ್ಳುವುದನ್ನೂ ತಗಲುವುದನ್ನೂ ಹೇಳುವಂತೆಯೇ, ನಾಮಪದವಾಗಿ ಮರದ ಗಾಯದಿಂದ ಒಸರಿ ಗಾಳಿ ಬಿಸಿಲುಗಳಿಗೆ ಗಟ್ಟಿಯಾಗುವ ದ್ರವ್ಯವನ್ನು ಹೇಳುತ್ತದೆ. ಒಸರುವುದೆಲ್ಲವನ್ನೂ ನಮ್ಮ ಹಿರಿಯರು ಅಂಟೆಂದು ಕರೆಯಲಿಲ್ಲ. ನೀರಿನಲ್ಲಿ ಕರಗುವ ಜಾಲಿಯ ಮತ್ತು ದಿಂಡಿಗದ ಅಂಟು ಬೇರೆ, ನೀರಿಗೆ ಜಗ್ಗದೆ ಕೆಂಡದ ಮೇಲೆ ಹೊಗೆಯಾಡುವ ರಾಳ ಬೇರೆ, ಎಕ್ಕದಿಂದಲೂ ಆಲದಿಂದಲೂ ಹನಿಯುವುದು ಹಾಲು, ಹಲಸಿನದು ಮೇಣ, ಮಾವಿನ ತೊಟ್ಟು ಮುರಿದೊಡನೆ ಚಿಮ್ಮಿ ಚರ್ಮವನ್ನು ಸುಡುವುದು ಸೊನೆ. ಮಲೆನಾಡಿನ ಗೃಹಿಣಿಯು ಅಪ್ಪೆಮಿಡಿಯನ್ನು ಆರಿಸುವಾಗ ಅದರ ಸೊನೆಯ ಪರಿಮಳವನ್ನೇ ನೋಡುತ್ತಾಳೆ, ಏಕೆಂದರೆ ಉಪ್ಪಿನಕಾಯಿಯ ಕಂಪೂ ಬಾಳಿಕೆಯೂ ಅದನ್ನು ಅವಲಂಬಿಸಿವೆ. ಇಷ್ಟು ವಿವೇಚನೆಯಿಂದ ಬೇರ್ಪಡಿಸಿಟ್ಟ ಮಾತುಗಳನ್ನೆಲ್ಲ ‘ಸ್ರಾವ’ವೆಂಬ ಒಂದೇ ಮೂಟೆಯಲ್ಲಿ ಕಟ್ಟಿಡುವ ನಮ್ಮ ಇಂದಿನ ಬರಹಗಾರಿಕೆಯನ್ನು ನಾನು ಒಪ್ಪಲಾರೆ.

ನೆರೆಯ ಮರಾಠಿಯಲ್ಲಿ ಚೀಕ ಎಂಬ ಮಾತು ಎಕ್ಕದ ಹಾಲಿಗೂ, ಆಗತಾನೆ ಈದ ಹಸುವಿನ ಮೊದಲ ಹಾಲಿಗೂ, ಕುರಡಯಿಯೆಂಬ ಸಂಡಿಗೆ ಮಾಡಲೆಂದು ನೆನೆಸಿ ಅರೆದ ಗೋಧಿಯಿಂದ ಹಿಂಡಿ ತೆಗೆದ ಬಿಳಿಯ ಸತ್ತ್ವಕ್ಕೂ ಏಕರೂಪವಾಗಿ ಸಲ್ಲುತ್ತದೆ. ಹಸುವಿನದನ್ನು ಗಿಣ್ಣೆಂದು ಪ್ರತ್ಯೇಕವಾಗಿ ಕರೆಯುವ ನಮಗೆ ಅದು ವಿಚಿತ್ರವೆನಿಸಿದರೂ, ಆ ಮಾತು ಅವರ ಅಡುಗೆಮನೆಯಲ್ಲಿ ಬಾಳಿಕೊಂಡು ಬಂದಿದೆ. ನಮ್ಮ ಅಂಟಿಗೂ ಅಂಥ ಆಶ್ರಯವೊಂದುಂಟು. ಗೋಕಾಕ, ಅಮೀನಗಡಗಳ ಕರದಂಟು ಎಂದರೆ ಕರಿದ ಅಂಟು. ಕಲ್ಲಿನಂತಿದ್ದ ಹರಳು ಕಾದ ತುಪ್ಪಕ್ಕೆ ಬಿದ್ದೊಡನೆ ಅರಳಿ ಹಗುರಾಗಿ, ಒಣಕೊಬ್ಬರಿ ಬೆಲ್ಲಗಳೊಡನೆ ಬೆರೆತು, ಬಾಯಲ್ಲಿ ಗರಿಗರಿಯಾಗುತ್ತದೆ. ಅಂಟುವ ಗುಣವನ್ನು ಕಳೆದುಕೊಂಡ ಮೇಲೂ ಹೆಸರನ್ನು ಬಿಡದ ಪದಾರ್ಥವದು. ಅದನ್ನು ದಿನವೂ ಮೆಲ್ಲುವವರಲ್ಲಿ ಎಷ್ಟು ಮಂದಿಗೆ ಆ ಹೆಸರಿನೊಳಗೆ ಜಾಲಿಯ ಮರ ಕಾಣುತ್ತದೆ?

ನಾನಿರುವ ಈ ಊರಿನ ಭದ್ರತಾ ಮುದ್ರಣಾಲಯವು, ಅದುವರೆಗೆ ಲಂಡನ್ನಿನಿಂದ ಬರುತ್ತಿದ್ದ ಅಂಚೆಚೀಟಿಗಳನ್ನು 1926ರಿಂದ ಇಲ್ಲಿಯೇ ಅಚ್ಚುಹಾಕತೊಡಗಿತು. ಧಾರವಾಡದ ತಾಯಿಯೂ ಮುಂಬಯಿಯ ಮಗನೂ ಕಾಗದ ಬರೆದು ನಾಲಗೆಯಿಂದ ತೇವಮಾಡಿದ್ದು ಆ ಚೀಟಿಯ ಬೆನ್ನಿನ ಅಂಟನ್ನೇ ಅಲ್ಲವೆ? ಇದೇ ನಾಸಿಕದ ಪಂಚವಟಿಯಲ್ಲಿ, 1930ರ ಮಾರ್ಚ್ 2ರಂದು ಡಾ. ಅಂಬೇಡ್ಕರರ ನೇತೃತ್ವದಲ್ಲಿ ಕಾಳಾರಾಮ ಮಂದಿರದ ಪ್ರವೇಶಕ್ಕಾಗಿ ಸತ್ಯಾಗ್ರಹವು ಆರಂಭವಾಯಿತು. ಮನುಷ್ಯನ ಸ್ಪರ್ಶವನ್ನೇ ಮೈಲಿಗೆಯೆಂದು ಬಗೆದ ಆ ಕ್ರೂರ ಭಾವನೆಗೆ ಕನ್ನಡದಲ್ಲಿ ‘ಅಂಟುಮುಟ್ಟು’ ಎಂದು ಹೆಸರಿಟ್ಟು, ಎರಡು ವಸ್ತುಗಳನ್ನು ಕೂಡಿಸುವ ಮಾತಿನಿಂದಲೇ ಮನುಷ್ಯರನ್ನು ದೂರವಿಡುವ ಕೆಲಸ ಮಾಡಿಸಿದೆವಲ್ಲ ಎಂದು ಆ ಮಂದಿರದ ಬಾಗಿಲ ಮುಂದೆ ನಿಂತಾಗಲೆಲ್ಲ ನನಗೆ ನಾಚಿಕೆಯಾಗುತ್ತದೆ. ರೋಗವೂ ಮೈಲಿಗೆಯೂ ಉಳಿದು, ಮರದ ಅಂಟು ಮಾತ್ರ ಮರೆತುಹೋದರೆ ಮಕ್ಕಳಿಗೆ ಆ ಪದದ ಕಹಿಯಷ್ಟೇ ದಕ್ಕುತ್ತದೆ.

ಆದುದರಿಂದ ಪಠ್ಯಪುಸ್ತಕ ರಚಿಸುವವರಲ್ಲಿ ನನ್ನದೊಂದು ವಿನಂತಿ: ಅಂಟುರೋಗದ ಪಾಠ ಬರುವುದಕ್ಕೆ ಮೊದಲು, ಬೇಸಗೆಯಲ್ಲಿ ಜಾಲಿಯ ಬಿರಿದ ತೊಗಟೆಯ ಮೇಲೆ ಜೇನಿನ ಬಣ್ಣದಲ್ಲಿ ನಿಂತಿರುವ ಅಂಟಿನ ಉಂಡೆಯೊಂದರ ಚಿತ್ರವನ್ನು ಅಚ್ಚುಮಾಡಿ, ಕೆಳಗೆ ಅದರ ಹೆಸರನ್ನು ಬರೆಯಲಿ.