ಯಾರ ಮನಸ್ಸು ಜನರ ಮನಸ್ಸು?

ಜಾತಿಗಣತಿ ಎಂದೇ ಕರೆಯಲಾಗುವ ಕರ್ನಾಟಕದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ಗಣತಿದಾರರು ಮನೆ ಮನೆಯ ಮೆಟ್ಟಿಲು ಹತ್ತಿದ್ದು 2015ರ ಬೇಸಿಗೆಯಲ್ಲಿ. ಅದಕ್ಕೆ ಖರ್ಚಾದದ್ದು ನೂರೈವತ್ತು ಕೋಟಿ ರೂಪಾಯಿಗೂ ಹೆಚ್ಚು. ಹಿಂದುಳಿದ ವರ್ಗಗಳ ಆಯೋಗದಲ್ಲಿ ಎಚ್. ಕಾಂತರಾಜ ಅವರ ಅಧ್ಯಕ್ಷತೆಯಲ್ಲಿ ಶುರುವಾದ ಆ ಕೆಲಸದ ವರದಿ, ನಂತರದ ಅಧ್ಯಕ್ಷ ಕೆ. ಜಯಪ್ರಕಾಶ್ ಹೆಗ್ಡೆ ಅವರ ಕೈಯಿಂದ ಸರ್ಕಾರಕ್ಕೆ ಸಲ್ಲಿಕೆಯಾದದ್ದು 2024ರ ಫೆಬ್ರವರಿಯ ಕೊನೆಯ ದಿನ. ಸಚಿವ ಸಂಪುಟದ ಮುಂದೆ ಬರಲು ಮತ್ತೊಂದು ವರ್ಷ ಹಿಡಿಯಿತು. ಬಂದ ಎರಡೇ ತಿಂಗಳಲ್ಲಿ, 2025ರ ಜೂನ್‌ನಲ್ಲಿ, ಅಂಕಿಅಂಶ ಹಳತಾಯಿತು ಎಂಬ ಕಾರಣಕ್ಕೆ ಮರುಸಮೀಕ್ಷೆಯ ತೀರ್ಮಾನವಾಯಿತು. ಹಳತಾಗುವವರೆಗೆ ಅದನ್ನು ಇಟ್ಟುಕೊಂಡವರು ಯಾರು? ಈ ಅವಧಿಯಲ್ಲಿ ಮೂರು ಪಕ್ಷಗಳ ನಾಲ್ವರು ಮುಖ್ಯಮಂತ್ರಿಗಳಾದರು. ಅವರಲ್ಲಿ ಒಬ್ಬರೂ ಅದನ್ನು ಜನರ ಮುಂದಿಡಲಿಲ್ಲ. ಆಯೋಗದ ಸದಸ್ಯ ಕಾರ್ಯದರ್ಶಿಯ ಸಹಿ ಇಲ್ಲ, ಪರಿಶೀಲನೆ ಆಗಬೇಕು ಎಂಬ ಕಾರಣಗಳನ್ನು ಕಾಲಕಾಲಕ್ಕೆ ಕೇಳಿದ್ದೇವೆ. ಅಸಲು ಕಾರಣ ಯಾರಿಗೂ ಗುಟ್ಟಲ್ಲ. ಪ್ರಬಲ ಸಮುದಾಯಗಳ ಸಂಘಟನೆಗಳೂ ಆ ಸಮುದಾಯಗಳ ಶಾಸಕ, ಸಚಿವರೂ ಬಹಿರಂಗವಾಗಿ ವಿರೋಧಿಸಿದರು. ಇದು ಜೇನುಗೂಡು, ಕೈ ಹಾಕಿದವರು ಉಳಿಯುವುದಿಲ್ಲ ಎಂದು ರಾಜಕೀಯ ವಿಶ್ಲೇಷಕರು ಬುದ್ಧಿ ಹೇಳಿದರು. ಆಳುವವರು ಆ ಬುದ್ಧಿಮಾತನ್ನು ಕೇಳಿದರು.

ನನ್ನ ತಕರಾರು ಆ ಬುದ್ಧಿಮಾತಿನ ಬಗ್ಗೆಯೇ. ಜನರ ಮನಸ್ಸು ಇದಕ್ಕೆ ಸಿದ್ಧವಿಲ್ಲ ಎಂದು ಹೇಳುವವರು ಯಾವ ಜನರನ್ನು ಕೇಳಿದ್ದಾರೆ? ಸಮಾವೇಶ ನಡೆಸಲು ಮಠವೋ ಮಹಾಸಭೆಯೋ ಸಂಘವೋ ಇರುವವರ ಅಭಿಪ್ರಾಯ ಅದೇ ಸಂಜೆ ಟಿವಿ ಚರ್ಚೆಗೆ ಬರುತ್ತದೆ. ಒಂದು ಹೋಬಳಿಯಲ್ಲಿ ಹತ್ತು ಮನೆ, ಇನ್ನೊಂದರಲ್ಲಿ ಹದಿನೈದು ಮನೆ ಎಂದು ಚದುರಿಹೋಗಿರುವ ಕುಂಬಾರರ, ಸವಿತಾ ಸಮಾಜದವರ, ಹೆಳವರ ಅಭಿಪ್ರಾಯ ಎಲ್ಲಿಯೂ ಬರುವುದಿಲ್ಲ. ಬೆಂಗಳೂರಿನಲ್ಲಿ ಕೂತು ರಾಜ್ಯದ ಮನಸ್ಸನ್ನು ಓದುವವರ ಕಿವಿಗೆ ಮೊದಲಿನವರದು ಕೇಳಿಸುತ್ತದೆ, ಎರಡನೆಯವರದು ಕೇಳಿಸುವುದಿಲ್ಲ. ಕೇಳಿಸದ್ದನ್ನು ಇಲ್ಲ ಎಂದೇ ಎಣಿಸುವುದು ಅವರ ಲೆಕ್ಕದ ಮೂಲದೋಷ. ವಿಶ್ಲೇಷಕರು ದುರುದ್ದೇಶದಿಂದ ಹೀಗೆ ಮಾಡುತ್ತಾರೆ ಎಂದು ನಾನು ಆರೋಪಿಸುತ್ತಿಲ್ಲ. ಅವರ ವಿಧಾನದಲ್ಲೇ ಈ ಕೊರತೆ ಇದೆ, ಮತ್ತು ಅದಕ್ಕೆ ಬೆಲೆ ತೆರುತ್ತಿರುವವರು ಅವರಲ್ಲ.

ಈ ಲೆಕ್ಕ ತಪ್ಪಬಹುದು ಎಂಬುದಕ್ಕೆ ಸಾಕ್ಷಿ ನಮ್ಮದೇ ರಾಜ್ಯದಲ್ಲಿದೆ. ಏಕೀಕರಣದ ನಂತರ 1971ರವರೆಗೆ ಕರ್ನಾಟಕವನ್ನಾಳಿದ ನಿಜಲಿಂಗಪ್ಪ, ಜತ್ತಿ, ಕಂಠಿ, ವೀರೇಂದ್ರ ಪಾಟೀಲ್ ನಾಲ್ವರೂ ಲಿಂಗಾಯತರು. ಅದಕ್ಕೂ ಹಿಂದೆ ಹಳೆ ಮೈಸೂರಿನ ರಾಜಕಾರಣ ಒಕ್ಕಲಿಗರ ಹಿಡಿತದಲ್ಲಿತ್ತು. ಈ ಎರಡು ಸಮುದಾಯಗಳನ್ನು ಎದುರು ಹಾಕಿಕೊಂಡು ಯಾರೂ ಇಲ್ಲಿ ಆಳಲಾರರು ಎಂಬುದು ಆ ಕಾಲದ ರಾಜಕೀಯದಲ್ಲಿ ವಾದವೇ ಬೇಡವಾದ ಸತ್ಯವಾಗಿತ್ತು. ತೀರ ಸಣ್ಣ ಸಮುದಾಯದ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದರು, ಅದೇ ವರ್ಷ ಎಲ್.ಜಿ. ಹಾವನೂರು ಅವರ ಅಧ್ಯಕ್ಷತೆಯಲ್ಲಿ ಹಿಂದುಳಿದ ವರ್ಗಗಳ ಆಯೋಗ ರಚಿಸಿದರು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಕಾಯ್ದೆ ಜಾರಿಗೆ ಬಂತು. ಗೇಣಿಗೆ ಕೊಟ್ಟಿದ್ದ ಜಮೀನೆಲ್ಲ ಸರ್ಕಾರದ ವಶವಾಯಿತು, ಉಳುತ್ತಿದ್ದವನು ಅರ್ಜಿ ಹಾಕಿ ಅದರ ಒಡೆತನ ಕೇಳಬಹುದಾಯಿತು. ಭೂಮಿ ಕಳೆದುಕೊಂಡವರಲ್ಲಿ ಎಲ್ಲ ಮೇಲ್ಜಾತಿಗಳ ಧಣಿಗಳಿದ್ದರು, ಅರಸರ ಸ್ವಂತ ಪಕ್ಷದ ಮುಖಂಡರೂ ಇದ್ದರು.

ಆ ಧೈರ್ಯದಲ್ಲಿ ಹುಂಬತನ ಇರಲಿಲ್ಲ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ತಾಲ್ಲೂಕುಗಳಲ್ಲಿ ಭೂನ್ಯಾಯ ಮಂಡಳಿಗಳಾದವು, ಅಧಿಕಾರಿಯ ಜೊತೆಗೆ ಅಧಿಕಾರಿಗಳಲ್ಲದ ಸದಸ್ಯರೂ ಕೂತರು. ಆ ಮಂಡಳಿಗಳ ಮುಂದೆ ವಕೀಲರಿಗೆ ಪ್ರವೇಶವಿರಲಿಲ್ಲ. ಫೀಸು ಕೊಡಬಲ್ಲ ಧಣಿಯೂ ಓದು ಬರಹ ಬಾರದ ಗೇಣಿದಾರನೂ ಒಂದೇ ನೆಲದ ಮೇಲೆ ನಿಲ್ಲಲಿ ಎಂಬುದು ಅದರ ಹಿಂದಿನ ಎಣಿಕೆ. ಏಳನೇ ನಮೂನೆಯ ಅರ್ಜಿ ಮಲೆನಾಡು, ಕರಾವಳಿಗಳಲ್ಲಿ ಮನೆಮಾತಾಯಿತು. ಎಂಟು ಲಕ್ಷಕ್ಕೂ ಮಿಕ್ಕಿ ಅರ್ಜಿಗಳು ಬಂದವು, ಸುಮಾರು ಐದು ಲಕ್ಷ ಅರ್ಜಿಗಳು ಗೇಣಿದಾರರ ಪರವಾಗಿ ತೀರ್ಮಾನವಾದವು. ಹಾವನೂರು ಆಯೋಗವೂ ಊಹೆಯ ಮೇಲೆ ನಡೆಯಲಿಲ್ಲ. 1972ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಯಾವ ಜಾತಿಯ ಮಕ್ಕಳು ಎಷ್ಟು ಮಂದಿ ಪಾಸಾದರು ಎಂಬುದನ್ನು ಹಿಂದುಳಿದಿರುವಿಕೆಯ ಅಳತೆಗೆ ಬಳಸಿತು. ವರದಿ ಬಂದದ್ದು 1975ರ ನವೆಂಬರ್‌ನಲ್ಲಿ. ಅದರಲ್ಲಿ ಲಿಂಗಾಯತರು ಹಿಂದುಳಿದವರ ಪಟ್ಟಿಯಲ್ಲಿರಲಿಲ್ಲ. ಆ ವರದಿಯ ಆಧಾರದ ಮೇಲೆ ಸರ್ಕಾರ ಮೀಸಲಾತಿ ಆದೇಶ ಹೊರಡಿಸಿದ್ದು 1977ರ ಫೆಬ್ರವರಿಯಲ್ಲಿ, ಲೋಕಸಭಾ ಚುನಾವಣೆಗೆ ತಿಂಗಳೂ ಇಲ್ಲದಿದ್ದಾಗ. ಇಂದಿನ ಯಾವ ಚುನಾವಣಾ ತಂತ್ರಜ್ಞ ಇದಕ್ಕೆ ಒಪ್ಪಿಗೆ ಕೊಟ್ಟಾನು?

ಮಾರ್ಚ್‌ನಲ್ಲಿ ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿತು. ಉತ್ತರ ಪ್ರದೇಶದಲ್ಲಿ, ಬಿಹಾರದಲ್ಲಿ ಒಂದು ಸೀಟೂ ಬರಲಿಲ್ಲ. ಕರ್ನಾಟಕದಲ್ಲಿ 28ರಲ್ಲಿ 26 ಬಂತು. ದಕ್ಷಿಣವೆಲ್ಲ ಹಾಗೆಯೇ ಇತ್ತು, ಆಂಧ್ರದಲ್ಲೂ ಕಾಂಗ್ರೆಸ್ ಗೆದ್ದಿತಲ್ಲ, ಇದರಲ್ಲಿ ಅರಸರದೇನು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೇ ನಾನು 1977ಕ್ಕಿಂತ 1978ನ್ನು ನಂಬುತ್ತೇನೆ. ಕೇಂದ್ರದ ಜನತಾ ಸರ್ಕಾರದ ಕಾಲದಲ್ಲಿ, 1977ರ ಡಿಸೆಂಬರ್ 31ರಂದು ಅರಸು ಸರ್ಕಾರ ಹೋಗಿ ರಾಷ್ಟ್ರಪತಿ ಆಳ್ವಿಕೆ ಬಂತು. ಮರುದಿನವೇ ಹುಟ್ಟಿದ ಹೊಸ ವರ್ಷದಲ್ಲಿ ಕಾಂಗ್ರೆಸ್ಸೂ ಒಡೆಯಿತು. ಅಧಿಕಾರವಿಲ್ಲ, ಪಕ್ಷಕ್ಕೆ ಎರಡು ತಿಂಗಳ ವಯಸ್ಸೂ ಇಲ್ಲ, ಎದುರಿಗೆ ದೆಹಲಿಯನ್ನಾಳುವ ಜನತಾ ಪಕ್ಷ. ಆದರೂ ಆ ವರ್ಷದ ಚುನಾವಣೆಯಲ್ಲಿ ವಿಧಾನಸಭೆಯ 224 ಸ್ಥಾನಗಳಲ್ಲಿ 149ನ್ನು ಅರಸರಿದ್ದ ಇಂದಿರಾ ಕಾಂಗ್ರೆಸ್ ಗೆದ್ದಿತು, ಜನತಾ ಪಕ್ಷಕ್ಕೆ ಬಂದದ್ದು 59. ಇಂದಿರಾ ಒಬ್ಬರ ಹೆಸರಿನಿಂದಲೇ ಇದು ಆಯಿತೆನ್ನುವವರು, ಅದೇ ವರ್ಷದ ನವೆಂಬರ್‌ನಲ್ಲಿ ಲೋಕಸಭೆಗೆ ಮರಳಲು ಅವರು ಇಡೀ ದೇಶದಲ್ಲಿ ಚಿಕ್ಕಮಗಳೂರನ್ನೇ ಯಾಕೆ ಆರಿಸಿಕೊಂಡರು ಎಂಬುದನ್ನೂ ವಿವರಿಸಬೇಕು. ಎದುರಾಳಿ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ್. ಆದರೂ ಅಂತರ ಎಪ್ಪತ್ತು ಸಾವಿರ ದಾಟಿತು. ಭೂಮಿ ಸಿಕ್ಕವನೂ, ಹಾಸ್ಟೆಲ್ ಸೇರಿದ ಮಗನ ತಾಯಿಯೂ ಯಾವ ಸಮಾವೇಶಕ್ಕೂ ಹೋಗದೆ ಮತಗಟ್ಟೆಗೆ ಹೋಗಿದ್ದರು.

ಹಾಗಾದರೆ 1980? ಇಂದಿರಾ ಜೊತೆ ಮುನಿಸಿಕೊಂಡು ಹೊರಬಂದ ಅರಸರಿಗೆ ಆ ಲೋಕಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಒಂದು ಸ್ಥಾನವೂ ಸಿಗಲಿಲ್ಲ. ಅವರು ಮುಖ್ಯಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು, ಎರಡು ವರ್ಷ ಕಳೆದು ತೀರಿಕೊಂಡರು. ದೆಹಲಿಯಲ್ಲೂ ಹಾಗೆಯೇ: ಹಿಂದುಳಿದ ವರ್ಗಗಳ ಮೀಸಲಾತಿಯ ಮಂಡಲ್ ವರದಿ ಜಾರಿ ಮಾಡುವುದಾಗಿ 1990ರ ಆಗಸ್ಟ್‌ನಲ್ಲಿ ಘೋಷಿಸಿದ ವಿ.ಪಿ. ಸಿಂಗ್ ಸರ್ಕಾರ ನವೆಂಬರ್‌ಗೆ ಬಿತ್ತು, ಮರುವರ್ಷ ಜನತಾ ದಳದ ಬಲ ಅರ್ಧಕ್ಕಿಂತ ಕೆಳಗಿಳಿಯಿತು. ಧೈರ್ಯ ತೋರಿದವರಿಗೆ ಸೀಟು ಖಾತರಿ ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಆದರೆ ವಿಶ್ಲೇಷಕರ ಎಚ್ಚರಿಕೆಯಲ್ಲಿ ಎರಡು ಭಾಗಗಳಿವೆ: ಮಾಡಿದವನು ಮುಳುಗುತ್ತಾನೆ, ಮಾಡಿದ್ದನ್ನು ಜನ ಒಪ್ಪುವುದಿಲ್ಲ. ಮೊದಲನೆಯದು ಕೆಲವೊಮ್ಮೆ ನಿಜವಾಗಿದೆ. ಎರಡನೆಯದಕ್ಕೆ ಇತಿಹಾಸದಲ್ಲಿ ಆಧಾರ ಸಿಗುವುದಿಲ್ಲ. ಗೇಣಿದಾರನಿಗೆ ಬಂದ ಭೂಮಿಯನ್ನು ಧಣಿಗೆ ಹಿಂದಿರುಗಿಸುತ್ತೇನೆಂದು ಅರಸರ ನಂತರ ಯಾವ ಮುಖ್ಯಮಂತ್ರಿಯೂ ಹೊರಡಲಿಲ್ಲ. ಮಂಡಲ್‌ನ ಶೇ. 27 ಮೀಸಲಾತಿಯನ್ನು 1992ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಯಾವ ಪಕ್ಷವೂ ಅದನ್ನು ತೆಗೆಯುತ್ತೇನೆಂದು ಮತ ಕೇಳಲಿಲ್ಲ. ಜನರ ಮನಸ್ಸು ಯಾವ ಕಡೆಗಿತ್ತು ಎಂಬುದಕ್ಕೆ ಇದಕ್ಕಿಂತ ಗಟ್ಟಿಯಾದ ಪುರಾವೆ ಬೇಕೆ?

ಎದುರು ಉದಾಹರಣೆಯೂ ಇದೆ, ಅದು ತೀರ ಇತ್ತೀಚಿನದು. 2023ರ ಮಾರ್ಚ್‌ನಲ್ಲಿ ಬೊಮ್ಮಾಯಿ ಸರ್ಕಾರ ಮುಸ್ಲಿಮರಿಗಿದ್ದ ಶೇ. 4 ಮೀಸಲಾತಿ ರದ್ದು ಮಾಡಿ ಒಕ್ಕಲಿಗರಿಗೂ ಲಿಂಗಾಯತರಿಗೂ ತಲಾ ಎರಡರಂತೆ ಹಂಚಲು ಹೊರಟಿತು. ದೊಡ್ಡ ಸಮುದಾಯಗಳ ಮನಸ್ಸು ಹಿಡಿದರೆ ರಾಜ್ಯ ಹಿಡಿದಂತೆ ಎಂಬ ಹಳೆಯ ಸೂತ್ರದ ಪ್ರಯೋಗ ಅದು. ಮೇ ತಿಂಗಳಲ್ಲಿ ಬಿಜೆಪಿಗೆ ಬಂದದ್ದು 66 ಸ್ಥಾನ. ಸೋಲಿಗೆ ಬೇರೆ ಕಾರಣಗಳು ಬಹಳ ಇದ್ದವು, ನಿಜ. ಆದರೆ ಆ ನಿರ್ಧಾರದಿಂದ ಬರಬೇಕಾಗಿದ್ದ ಲಾಭ ಬರಲಿಲ್ಲ. ಆ ದೊಡ್ಡ ಸಮುದಾಯಗಳ ಒಳಗೂ ಮಳೆಯಾಶ್ರಿತ ಎರಡು ಎಕರೆಯ ರೈತನಿದ್ದಾನೆ. ಅವನ ಮನಸ್ಸು ಅವನ ಸಮುದಾಯದ ವೇದಿಕೆಯ ಮೇಲೆ ಕೂತವರ ಮನಸ್ಸಲ್ಲ.

ಸಮೀಕ್ಷೆಯಲ್ಲಿ ದೋಷಗಳಿದ್ದವು, ನಮ್ಮ ಮನೆಗೆ ಯಾರೂ ಬರಲೇ ಇಲ್ಲ, ಉಪಜಾತಿಗಳನ್ನು ಬೇರೆ ಬೇರೆ ಬರೆದು ನಮ್ಮ ಸಂಖ್ಯೆ ಕುಗ್ಗಿಸಿದರು ಎಂಬ ಆಕ್ಷೇಪ ಗಂಭೀರವಾದದ್ದು. ಅದನ್ನು ತಳ್ಳಿಹಾಕುವ ಹಕ್ಕು ಯಾರಿಗೂ ಇಲ್ಲ. ಆದರೆ ಬೀರುವಿನೊಳಗೆ ಬೀಗ ಹಾಕಿಟ್ಟ ಕೋಷ್ಟಕದ ತಪ್ಪನ್ನು ತಿದ್ದುವುದು ಹೇಗೆ? ಹಾವನೂರು ವರದಿ ಜಾರಿಯಾದ್ದರಿಂದಲೇ ಅದು ಹೈಕೋರ್ಟಿಗೆ ಹೋಯಿತು, ಕೆಲವು ಭಾಗ ಬಿದ್ದುಹೋಯಿತು, ವಾದ ಸುಪ್ರೀಂ ಕೋರ್ಟಿನವರೆಗೆ ನಡೆಯಿತು. ಕಾಂತರಾಜ ಸಮೀಕ್ಷೆಗೆ ಆ ಅವಕಾಶವೂ ಸಿಗಲಿಲ್ಲ. ಸೋರಿಕೆಯಾದ ಅಂಕಿಗಳ ಮೇಲೆ ಜಗಳ ನಡೆಯಿತೇ ಹೊರತು ಪ್ರಕಟವಾದ ಅಂಕಿಗಳ ಮೇಲೆ ಚರ್ಚೆ ನಡೆಯಲಿಲ್ಲ. ಸಮಾಜ ಒಡೆಯುತ್ತದೆ ಎಂಬ ಇನ್ನೊಂದು ಭಯಕ್ಕೆ ಬಿಹಾರ ಉತ್ತರ ಕೊಟ್ಟಿದೆ. 2023ರ ಅಕ್ಟೋಬರ್ 2ರಂದು ಅಲ್ಲಿ ಜಾತಿ ಸಮೀಕ್ಷೆಯ ಅಂಕಿಗಳು ಪ್ರಕಟವಾದವು, ಅತಿ ಹಿಂದುಳಿದವರು ಶೇ. 36 ಎಂದು ತಿಳಿಯಿತು. ತಕರಾರುಗಳು ಎದ್ದವು, ಕೋರ್ಟಿಗೂ ಹೋದವು. ಬಿಹಾರ ಒಡೆಯಲಿಲ್ಲ.

ಅರಸರನ್ನು ದೇವರ ಪಟದ ಜೊತೆ ಇಡುವ ಉದ್ದೇಶ ನನಗಿಲ್ಲ. ತುರ್ತು ಪರಿಸ್ಥಿತಿಯಲ್ಲಿ ಅವರ ಸರ್ಕಾರ ಜನರನ್ನು ಜೈಲಿಗೆ ಹಾಕಿತು. ಭ್ರಷ್ಟಾಚಾರದ ಆರೋಪಗಳ ಬಗ್ಗೆ ಗ್ರೋವರ್ ಆಯೋಗ ವಿಚಾರಣೆ ನಡೆಸಿತು. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂಬ ಬಿ. ಬಸವಲಿಂಗಪ್ಪನವರ ಮಾತಿನಿಂದ ಎದ್ದ ಬೂಸಾ ಪ್ರಕರಣದಲ್ಲಿ ಅದೇ ಅರಸರು 1973ರಲ್ಲಿ ಗದ್ದಲಕ್ಕೆ ಮಣಿದು ತಮ್ಮ ದಲಿತ ಸಚಿವರನ್ನು ಬಿಟ್ಟುಕೊಟ್ಟರು. ಬೀದಿಯಲ್ಲಿ ಕೇಳಿಸಿದ ಕೂಗನ್ನೇ ನಾಡಿನ ಮನಸ್ಸೆಂದು ಅವರೂ ಆಗ ತಿಳಿದರು. ಅದು ಅವರ ಆಡಳಿತದ ಅತ್ಯಂತ ದುರ್ಬಲ ಗಳಿಗೆ ಎಂದು ನನ್ನ ಅಭಿಪ್ರಾಯ.

ಮಧುಸೂದನ ನಾಯ್ಕ್ ಅವರ ಆಯೋಗದ ಹೊಸ ಸಮೀಕ್ಷೆ 2025ರ ಸೆಪ್ಟೆಂಬರ್ 22ರಂದು ಆರಂಭವಾಯಿತು. ಮಾಹಿತಿ ಕೊಡುವುದು ಜನರ ಇಷ್ಟಕ್ಕೆ ಬಿಟ್ಟದ್ದು, ಕೊಟ್ಟದ್ದು ಗೋಪ್ಯವಾಗಿರಬೇಕು ಎಂದು ಹೈಕೋರ್ಟ್ ಹೇಳಿದೆ. ವ್ಯಕ್ತಿಯ ಮಾಹಿತಿ ಗೋಪ್ಯವಾಗಿರಲಿ, ಸಮುದಾಯದ ಮೊತ್ತ ಗೋಪ್ಯವಾಗಬೇಕಿಲ್ಲ. ಜಾತಿವಾರು, ತಾಲ್ಲೂಕುವಾರು ಕೋಷ್ಟಕಗಳು ವರದಿಯ ಜೊತೆಗೇ ವಿಧಾನಮಂಡಲದ ಮುಂದೆ ಬರಬೇಕು, ಆಕ್ಷೇಪಣೆಗೆ ನಿಗದಿತ ಅವಧಿ ಕೊಡಬೇಕು, ಆ ಅವಧಿ ಮುಗಿದ ಮೇಲೆ ತೀರ್ಮಾನವಾಗಬೇಕು. ಹೆಳವರಲ್ಲಿ, ಗೊಂದಲಿಗರಲ್ಲಿ ಪದವಿ ಮುಗಿಸಿದ ಹೆಣ್ಣುಮಕ್ಕಳು ಎಷ್ಟು ಮಂದಿ, ಸ್ವಂತ ನಿವೇಶನ ಇರುವ ಕುಟುಂಬಗಳೆಷ್ಟು ಎಂಬುದನ್ನು ಸರ್ಕಾರ ಒಮ್ಮೆ ಅವರ ಬಾಗಿಲಿಗೆ ಹೋಗಿ ಕೇಳಿ ಬರೆದುಕೊಂಡಿತು, ಹತ್ತು ವರ್ಷವಾದ ಮೇಲೆ ಮತ್ತೊಮ್ಮೆ ಕೇಳಿತು. ಎರಡು ಸಲ ಉತ್ತರ ಕೊಟ್ಟವರಿಗೆ ಆ ಲೆಕ್ಕವನ್ನು ಒಪ್ಪಿಸುವುದು ಬಾಕಿ ಇದೆ.