ಉತ್ತರ ಸಾಕು, ‘ಹೇಗೆ’ ಅಂತ ಹೇಳಿ

ಪದಬಂಧ ಸರಣಿ, ಭಾಗ 4. ಈ ಸಲ ಪಾಠ ಅಲ್ಲ, ಜಗಳ. ಪೂರ್ತಿ ಓದಿ ಆಮೇಲೆ ಬೈಯ್ರಿ.

1/5
ಬೆಳಗ್ಗೆ ಎದ್ದು ಸ್ಟೋರಿ ತೆಗೆದ್ರೆ ತುಂಬಿಸಿದ ಕ್ರಿಪ್ಟಿಕ್ ಕ್ರಾಸ್‌ವರ್ಡ್ ಫೋಟೋ. ಪಕ್ಕದಲ್ಲಿ ಕಾಫಿ ಲೋಟ, ಮೇಲೆ ‘9 ನಿಮಿಷ’ ಅಂತ ಸ್ಟಿಕ್ಕರ್. ಖುಷಿ ಪಡಿ, ತಪ್ಪಿಲ್ಲ. ಆದ್ರೆ ಯಾರಾದ್ರೂ ‘7 ಅಕ್ರಾಸ್ ಹೇಗೆ ಬಂತು?’ ಅಂತ ಕೇಳಿದ್ರೆ ನಿಮ್ಮ ಉತ್ತರ ಏನು? ‘ಯೋಚನೆ ಮಾಡು’ ಮತ್ತೆ ಒಂದು ಕಣ್ಣು ಹೊಡೆಯೋ ಇಮೋಜಿ.

ನನ್ನ ಮಾತು ಇಷ್ಟೇ. ಹೇಗೆ ಬಂತು ಅಂತ ಹೇಳಕ್ಕೆ ಬರದಿದ್ರೆ ಅದು ಬಿಡಿಸಿದ್ದಲ್ಲ, ಊಹೆ. ಹೇಳಕ್ಕೆ ಬಂದೂ ಹೇಳದೇ ಇದ್ರೆ ಅದು ಬುದ್ಧಿವಂತಿಕೆ ಅಲ್ಲ, ಒಳಗಿಂದ ಚಿಲಕ ಹಾಕ್ಕೊಂಡು ಕೂರೋದು.

2/5
ಯಾಕಿಷ್ಟು ಸಿಟ್ಟು ಅಂದ್ರೆ, ಹೊರಗೆ ನಿಂತೋರಲ್ಲಿ ನಾನೂ ಒಬ್ಬ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಕಾಲೇಜಿಗೆ ಬಂದ ಮೊದಲ ವರ್ಷ ಒಂದು ಕ್ವಿಜ್ ಗುಂಪಿಗೆ ಹೋದೆ. ಬೋರ್ಡ್ ಮೇಲೆ ಇಂಗ್ಲಿಷಲ್ಲಿ ಸುಳಿವು: ‘ಕ್ವಯೆಟ್, ಲಿಸನ್ ಕೇರ್‌ಲೆಸ್ಲಿ (6)’. ಮೂರೂ ಪದ ನಂಗೆ ಗೊತ್ತು. ಆದ್ರೂ ತಲೆಬುಡ ಹತ್ತಲಿಲ್ಲ. ಯಾರೋ ‘ಸೈಲೆಂಟ್’ ಅಂದ್ರು, ಎಲ್ರೂ ಚಪ್ಪಾಳೆ ತಟ್ಟಿ ಮುಂದಿನದಕ್ಕೆ ಹೋದ್ರು. ‘ಹೇಗೆ?’ ಅಂತ ಕೇಳಿದೆ. ‘ಇದಕ್ಕೆ ಇಂಗ್ಲಿಷ್ ಫೀಲ್ ಬೇಕು ಮಗಾ, ನೀನು ಬಿಡು’ ಅಂದ ಒಬ್ಬ ಸೀನಿಯರ್.

ಬಿಟ್ಟೆ. ಎರಡು ವರ್ಷ ಆ ಕಡೆ ತಲೆ ಹಾಕಲಿಲ್ಲ.

ಈಗ ನಾನು ಹೇಳ್ತೀನಿ, ನೋಡಿ. ‘ಕ್ವಯೆಟ್’ ಅನ್ನೋದು ಉತ್ತರದ ಅರ್ಥ. ‘ಕೇರ್‌ಲೆಸ್ಲಿ’ ಅಂದ್ರೆ ಪಕ್ಕದ ಪದದ ಅಕ್ಷರಗಳನ್ನ ಚೆಲ್ಲಾಪಿಲ್ಲಿ ಮಾಡು ಅಂತ ಸೂಚನೆ. ಇಂಗ್ಲಿಷ್ ಸ್ಪೆಲಿಂಗಲ್ಲಿ ‘ಲಿಸನ್’ ಅಂದ್ರೆ ಎಲ್, ಐ, ಎಸ್, ಟಿ, ಇ, ಎನ್. ಕಲಸಿ ಜೋಡಿಸಿದ್ರೆ ‘ಸೈಲೆಂಟ್’. ಆರಕ್ಕೆ ಆರು ಅಕ್ಷರ. ಮುಗೀತು! ಇದರಲ್ಲಿ ‘ಫೀಲ್’ ಎಲ್ಲಿದೆ ಸ್ವಾಮಿ? ಅರ್ಧ ನಿಮಿಷದ ಮಾತು ಆಡದೇ ಇದ್ದಿದ್ದಕ್ಕೆ ನಂಗೆ ಎರಡು ವರ್ಷ ಹೋಯ್ತು.

3/5
‘ಇದು ಇಂಗ್ಲಿಷ್‌ನವರ ಆಟ’ ಅನ್ನೋರಿಗೆ ನಾನೇ ಕಟ್ಟಿದ ಎರಡು ಕನ್ನಡ ಸುಳಿವು.

‘ಕೋತಿ ತಿರುಗಿ ಕೂತರೆ ಕೋಗಿಲೆ (2)’
ಕೋತಿ ಅಂದ್ರೆ ಕಪಿ. ತಿರುಗಿಸಿ ಓದಿದ್ರೆ ಪಿಕ. ಪಿಕ ಅಂದ್ರೆ ಕೋಗಿಲೆ.

‘ರಾಮನಗರದೊಳಗೆ ಕಾಣುವ ಬೆಟ್ಟ (2)’
ರಾಮದೇವರ ಬೆಟ್ಟ, ಶೋಲೆ ಸಿನಿಮಾ ಅಂತ ಅಲ್ಲೆಲ್ಲ ಹುಡುಕಾಡಬೇಡಿ. ‘ರಾಮನಗರ’ ಅನ್ನೋ ಪದದ ಒಳಗೇ ನೋಡಿ: ರಾಮ-ನಗ-ರ. ನಗ ಅಂದ್ರೆ ಬೆಟ್ಟ. ಒಗಟು ಕೇಳ್ತಾ ಬೆಳೆದ ನಮಗೆ ಇದು ಪರದೇಶದ ವಿದ್ಯೆನಾ? ಹೇಳಿಕೊಟ್ಟವರು ಇರಲಿಲ್ಲ, ಅಷ್ಟೇ.

4/5
ಸ್ವಲ್ಪ ಇತಿಹಾಸ. ಮೊದಲ ಕ್ರಾಸ್‌ವರ್ಡ್ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬಂತು. ಅದು ನೇರ ಸುಳಿವುಗಳದ್ದು. ಕ್ರಿಪ್ಟಿಕ್ ಬೆಳೆದಿದ್ದು 1920ರ ದಶಕದ ಇಂಗ್ಲೆಂಡಲ್ಲಿ. ಆಮೇಲೆ ‘ಕ್ಸಿಮೆನೀಸ್’ ಅನ್ನೋ ಹೆಸರಲ್ಲಿ ಪದಬಂಧ ಕಟ್ಟುತ್ತಿದ್ದ ಡಿ. ಎಸ್. ಮ್ಯಾಕ್‌ನಟ್ ಎಂಬ ಮೇಷ್ಟ್ರು 1966ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅವರ ಪ್ರಕಾರ ಒಳ್ಳೆ ಸುಳಿವಲ್ಲಿ ಇರಬೇಕಾದ್ದು ಸರಿಯಾದ ಅರ್ಥ, ಪದ ಕಟ್ಟುವ ನ್ಯಾಯವಾದ ದಾರಿ, ಇವೆರಡು ಬಿಟ್ಟು ಬೇರೇನೂ ಇಲ್ಲ. ಅಂದ್ರೆ ಸುಳಿವು ಕಟ್ಟೋರೇ ದಾರಿ ಇಟ್ಟಿರ್ತಾರೆ. ಅದನ್ನ ಮುಚ್ಚಿಡೋಕೆ ನೀವ್ಯಾರು?

ಇನ್ನು ಕೆಲವು ಬರೀ ರೂಢಿ. ‘ಸೇಲರ್’ ಅಂದ್ರೆ ‘ಟಾರ್’. ‘ಡಕ್’ ಅಂದ್ರೆ ಕ್ರಿಕೆಟ್ಟಿನ ಸೊನ್ನೆ, ಅಂದ್ರೆ ‘ಓ’ ಅಕ್ಷರ. ಇದನ್ನ ಎಂಥಾ ಬುದ್ಧಿವಂತನೂ ಹುಟ್ತಾನೇ ಕಲಿತಿರಲ್ಲ. ನಿಮಗೂ ಯಾರೋ ಹೇಳಿಕೊಟ್ಟಿದ್ದು ತಾನೇ? ಮನೇಲಿ ಅಪ್ಪನೋ, ಅಕ್ಕನೋ, ಒಂದು ಪುಸ್ತಕವೋ. ಎಲ್ರ ಮನೇಲೂ ಅದು ಇರಲ್ಲ ಕಣ್ರೋ.

5/5
‘ವಿವರಿಸಿದ್ರೆ ಮಜಾ ಹೋಗುತ್ತೆ, ಜೋಕ್ ಬಿಡಿಸಿ ಹೇಳಿದಂಗೆ’ ಅಂತೀರಾ? ಜೋಕ್ ಒಂದೇ ಸಲ. ಆದ್ರೆ ಸುಳಿವಿನ ಸೂತ್ರ ನಾಳೆ ಹೊಸ ಪದಕ್ಕೂ ಬರುತ್ತೆ. ನಿಮಗೆ ಹೋಗೋದು ಏನೂ ಇಲ್ಲ, ಬೇರೆಯವರಿಗೆ ನಾಳೆಯ ಮಜಾ ಸಿಗುತ್ತೆ. ಇವತ್ತಿನದೂ ಕೆಡಬಾರದು ಅಂದ್ರೆ ಮೆಟ್ಟಿಲು ಮೆಟ್ಟಿಲಾಗಿ ಹೇಳಿ. ಮೊದಲು ಅರ್ಥ ಯಾವ ತುದಿಯಲ್ಲಿದೆ ಅಂತ. ಆಮೇಲೆ ಕಲಸೋದಾ, ತಿರುಗಿಸೋದಾ, ಒಳಗೆ ಅಡಗಿದ್ಯಾ ಅಂತ. ಉತ್ತರ ಕೊನೆಗೆ.

ಆ ಸೀನಿಯರ್ ಮೇಲೆ ಈಗ ನಂಗೆ ಕೋಪ ಇಲ್ಲ. ಬಹುಶಃ ಅವನಿಗೂ ಹೇಗೆ ಅಂತ ಗೊತ್ತಿರಲಿಲ್ಲ. ಆದ್ರೆ ಈ ವರ್ಷ ಜೂನಿಯರ್ಸ್ ಬಂದಿದ್ದಾರೆ, ಹಿಂದಿನ ಬೆಂಚಲ್ಲಿ ಯಾರೋ ‘ಹೇಗೆ?’ ಅಂತ ಕೇಳ್ತಾರೆ. ‘ನೀನು ಬಿಡು’ ಅಂತ ಹೇಳಿದ್ರೋ, ನನ್ನ ಕೈಲಿ ಇನ್ನೊಂದು ಭಾಗ ಬೈಸ್ಕೋತೀರ.

ಇವತ್ತಿನ ಸುಳಿವು: ‘ತಲೆ ಇಲ್ಲದ ಕವಿತೆಯೇ ಕಾಡು (2)’

ಬರೀ ಉತ್ತರ ಹಾಕಿದೋರಿಗೆ ಲೈಕ್ ಇಲ್ಲ. ಹೇಗೆ ಅಂತ ಬರೆದೋರಿಗೆ ಕ್ಯಾಂಟೀನಲ್ಲಿ ಒಂದು ಟೀ, ನನ್ನ ಲೆಕ್ಕಕ್ಕೆ.

#ಪದಬಂಧ #ಹೇಗೆಅಂತಹೇಳಿ #ಕನ್ನಡಮೀಡಿಯಂ