ಚಿತ್ರದ ಕೆಳಗಿನ ಹೆಸರು

ಫೆಬ್ರವರಿ ಬಂತೆಂದರೆ ನಮ್ಮ ಶಾಲೆಗಳಲ್ಲಿ ವಿಜ್ಞಾನದ ಗಡಿಬಿಡಿ. 28ರಂದು ರಾಷ್ಟ್ರೀಯ ವಿಜ್ಞಾನ ದಿನ. ಅದಕ್ಕೂ ಮೊದಲು, 11ರಂದು, ವಿಜ್ಞಾನ ಕ್ಷೇತ್ರದ ಮಹಿಳೆಯರ ಮತ್ತು ಬಾಲಕಿಯರ ಅಂತಾರಾಷ್ಟ್ರೀಯ ದಿನ. ಮಕ್ಕಳು ರಟ್ಟಿನ ಮೇಲೆ ವಿಜ್ಞಾನಿಗಳ ಚಿತ್ರ ಅಂಟಿಸಿ ತರುತ್ತಾರೆ. ನ್ಯೂಟನ್, ಐನ್‌ಸ್ಟೈನ್, ರಾಮನ್, ವಿಶ್ವೇಶ್ವರಯ್ಯನವರು ತಪ್ಪದೆ ಇರುತ್ತಾರೆ. ಮಹಿಳೆಯೆಂದರೆ ಮೇರಿ ಕ್ಯೂರಿ ಒಬ್ಬರೇ. 1927ರಲ್ಲಿ ಬ್ರಸೆಲ್ಸ್ ನಗರದಲ್ಲಿ ನಡೆದ ಐದನೆಯ ಸಾಲ್ವೇ ಸಮ್ಮೇಳನದ ಸುಪ್ರಸಿದ್ಧ ಛಾಯಾಚಿತ್ರದಲ್ಲಿರುವ 29 ಮಂದಿಯಲ್ಲಿಯೂ ಅವರೊಬ್ಬರೇ ಮಹಿಳೆ. ಹೆಚ್ಚುಕಡಿಮೆ ನೂರು ವರ್ಷ ಕಳೆದರೂ ನಮ್ಮ ರಟ್ಟಿನ ಮೇಲೆ ಆ ಲೆಕ್ಕ ಬದಲಾಗಿಲ್ಲ.

ಚಿತ್ರಗಳಿಗೇನೂ ಬರವಿಲ್ಲ. ಅಮೆರಿಕದ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ 1885ನೇ ಇಸವಿ ಅಕ್ಟೋಬರ್ 10ರಂದು ತೆಗೆದ ಒಂದು ಛಾಯಾಚಿತ್ರವಿದೆ. ಅದರಲ್ಲಿ ಮೂವರು ವಿದ್ಯಾರ್ಥಿನಿಯರು. ಒಬ್ಬಾಕೆ ಸೀರೆ ಉಟ್ಟಿದ್ದಾರೆ, ಒಬ್ಬಾಕೆ ಜಪಾನಿನ ಕಿಮೋನೋ ಧರಿಸಿದ್ದಾರೆ, ಇನ್ನೊಬ್ಬಾಕೆ ಸಿರಿಯಾ ದೇಶದ ಉಡುಪಿನಲ್ಲಿದ್ದಾರೆ. ಸೀರೆ ಉಟ್ಟವರು ಆನಂದೀಬಾಯಿ ಜೋಶಿ. ಒಂಬತ್ತರ ವಯಸ್ಸಿಗೆ ಮದುವೆ. ಹದಿನಾಲ್ಕರಲ್ಲಿ ಹೆತ್ತ ಮಗು ಹತ್ತೇ ದಿನ ಬದುಕಿತು. ಮನೆಮಾತು ಮರಾಠಿಯಾಗಿದ್ದ ಈ ಹುಡುಗಿ ಇಂಗ್ಲಿಷ್ ಕಲಿತು, 1883ರಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿ, 1886ರ ಮಾರ್ಚಿನಲ್ಲಿ ಡಾಕ್ಟರಾದರು. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಮಹಿಳಾ ವಿಭಾಗದ ಹೊಣೆ ಅವರಿಗಾಗಿ ಕಾದಿತ್ತು. ಆದರೆ ಕ್ಷಯರೋಗ ಅವರನ್ನು ಬಿಡಲಿಲ್ಲ. 1887ರ ಫೆಬ್ರವರಿ 26ರಂದು, ಇಪ್ಪತ್ತೆರಡು ತುಂಬುವ ಮೊದಲೇ, ಪುಣೆಯಲ್ಲಿ ತೀರಿಕೊಂಡರು. ಒಬ್ಬ ರೋಗಿಗಾದರೂ ಊರಿನಲ್ಲಿ ಮದ್ದು ಕೊಡುವ ಯೋಗ ಅವರಿಗೆ ಬರಲಿಲ್ಲವೆಂಬುದನ್ನು ನೆನೆದರೆ ಆ ಚಿತ್ರವನ್ನು ನೋಡುವ ಕಣ್ಣೇ ಬೇರೆಯಾಗುತ್ತದೆ.

ಜಪಾನಿನವರು ಕೇ ಓಕಾಮಿ. 1889ರಲ್ಲಿ ಪದವಿ ಪಡೆದು ತಮ್ಮ ದೇಶಕ್ಕೆ ಮರಳಿದರು. ಮೂರನೆಯವರು ಡಮಾಸ್ಕಸ್ ನಗರದ ಸಬಾತ್ ಇಸ್ಲಾಂಬೂಲಿ. ಪದವಿ ಪಡೆದದ್ದು 1890ರಲ್ಲಿ. ಆದರೆ ಚಿತ್ರದ ಕೆಳಗೆ ಇಂಗ್ಲಿಷಿನಲ್ಲಿ ಅಚ್ಚಾದ ಹೆಸರು ‘ತಾಬತ್’ ಎಂದಾಗಿದೆ! ಮೊದಲಕ್ಷರವೇ ತಪ್ಪು. ಅಷ್ಟು ದೂರದಿಂದ ಹೋಗಿ ಕಲಿತ ಹೆಣ್ಣುಮಗಳ ಹೆಸರನ್ನು ಯಾರೋ ಕಿವಿಗೆ ಬಿದ್ದಂತೆ ಬರೆದರು; ಅದೇ ಉಳಿಯಿತು.

ಇದು ಗಡಿನಾಡಿನ ಕನ್ನಡಿಗರಾದ ನಮಗೆ ಚೆನ್ನಾಗಿ ಅರ್ಥವಾಗುವ ಸಂಗತಿ. ಕನ್ನಡದ ಹೆಸರೊಂದು ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮಲಯಾಳಕ್ಕೆ ದಾಟಿ, ಸರಕಾರಿ ಕಾಗದದಲ್ಲಿ ಮರಳಿ ಬರುವಷ್ಟರಲ್ಲಿ ಮನೆಯವರಿಗೇ ಗುರುತು ಸಿಗದಂತಾಗುವುದನ್ನು ಕಾಣದ ಕುಟುಂಬ ಇಲ್ಲಿ ಅಪರೂಪ.

ನಮ್ಮ ಮಕ್ಕಳ ರಟ್ಟಿನ ಮೇಲೆ ರಾಮನ್ನರ ಚಿತ್ರವಿರುವುದು ಸರಿಯೇ. ಆದರೆ ಅವರು ನಿರ್ದೇಶಕರಾಗಿದ್ದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಅರ್ಜಿ ಹಾಕಿದ ಕಮಲಾ ಭಾಗವತ್ ಎಂಬ ತರುಣಿಗೆ, ಹೆಣ್ಣೆಂಬ ಕಾರಣಕ್ಕೆ ಅವರು ಪ್ರವೇಶ ನಿರಾಕರಿಸಿದ್ದನ್ನೂ ಮಕ್ಕಳಿಗೆ ಹೇಳಬೇಕು. ಆಕೆ ಹಟ ಬಿಡಲಿಲ್ಲ. ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಒಳಗೆ ಸೇರಿ, ಕೆಲಸದಿಂದಲೇ ರಾಮನ್ನರ ಮನಸ್ಸನ್ನು ಬದಲಿಸಿ, 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಮದುವೆಯ ಬಳಿಕ ಅವರು ಕಮಲಾ ಸೊಹೊನಿ. ಹಳೆಯ ಚಿತ್ರಗಳಲ್ಲಿ ಹೆಣ್ಣುಮಕ್ಕಳ ಗುರುತು ತಪ್ಪಿಹೋಗಲು ಈ ಹೆಸರು ಬದಲಾವಣೆಯೂ ಒಂದು ಕಾರಣವೆಂಬುದನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ತಿರುವಾಂಕೂರಿನ ಪೀರ್ಮೇಡಿನಲ್ಲಿ 1918ರಲ್ಲಿ ಹುಟ್ಟಿದ ಅನ್ನಾ ಮಣಿ 1940ರಲ್ಲಿ ಅದೇ ಸಂಸ್ಥೆಯಲ್ಲಿ ರಾಮನ್ನರ ಬಳಿ ಸೇರಿದರು. ವಜ್ರಗಳು ಹೊರಸೂಸುವ ಬೆಳಕಿನ ವರ್ಣಪಟಲವನ್ನು ಛಾಯಾಚಿತ್ರ ಫಲಕದ ಮೇಲೆ ಹಿಡಿಯುವುದು ಅವರ ಕೆಲಸ. ಬೆಳಕು ಅದೆಷ್ಟು ಕ್ಷೀಣವೆಂದರೆ ಒಂದೊಂದು ಫಲಕಕ್ಕೆ ಹದಿನೈದು, ಇಪ್ಪತ್ತು ಗಂಟೆ ಬೇಕಾಗುತ್ತಿತ್ತು. ರಾತ್ರಿ ಪ್ರಯೋಗಾಲಯದಲ್ಲಿಯೇ ಮಲಗುತ್ತಿದ್ದರಂತೆ. ಐದು ಸಂಶೋಧನಾ ಲೇಖನಗಳು ಬಂದವು. 1945ರಲ್ಲಿ ಮಹಾಪ್ರಬಂಧ ಸಲ್ಲಿಸಿದರೆ, ಎಂ.ಎಸ್ಸಿ. ಇಲ್ಲವೆಂದು ಮದ್ರಾಸು ವಿಶ್ವವಿದ್ಯಾಲಯ ಡಾಕ್ಟರೇಟ್ ಕೊಡಲಿಲ್ಲ. ಅವರು ಅದಕ್ಕಾಗಿ ಅಳುತ್ತ ಕೂರದೆ ಹವಾಮಾನ ಇಲಾಖೆ ಸೇರಿ, ದೇಶಕ್ಕೆ ಬೇಕಾದ ಮಾಪನ ಉಪಕರಣಗಳು ಇಲ್ಲಿಯೇ ತಯಾರಾಗುವಂತೆ ದುಡಿದು, ಉಪ ಮಹಾನಿರ್ದೇಶಕರಾಗಿ 1976ರಲ್ಲಿ ನಿವೃತ್ತರಾದರು.

ಇನ್ನೂ ಹತ್ತಿರದವರು ಇ.ಕೆ. ಜಾನಕಿ ಅಮ್ಮಾಳ್. ನಮ್ಮಿಂದ ರೈಲಿನಲ್ಲಿ ದಕ್ಷಿಣಕ್ಕೆ ಒಂದೆರಡು ಗಂಟೆಯ ಹಾದಿಯ ತಲಶ್ಶೇರಿಯಲ್ಲಿ 1897ರಲ್ಲಿ ಹುಟ್ಟಿದವರು. ಆಗ ಅದು ಮಲಬಾರು, ನಮ್ಮದು ದಕ್ಷಿಣ ಕನ್ನಡ. ಎರಡೂ ಮದ್ರಾಸು ಪ್ರಾಂತ್ಯದೊಳಗೆ. ಕೊಯಮತ್ತೂರಿನಲ್ಲಿ ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿ, ಇಂಗ್ಲೆಂಡಿಗೆ ಹೋಗಿ, ಕೃಷಿ ಸಸ್ಯಗಳ ಕ್ರೋಮೋಸೋಮುಗಳ ಬಗ್ಗೆ ಡಾರ್ಲಿಂಗ್ಟನ್ ಅವರೊಡನೆ 1945ರಲ್ಲಿ ಬೃಹತ್ ಗ್ರಂಥವನ್ನೇ ಹೊರತಂದವರು. ಒಂದು ಮ್ಯಾಗ್ನೋಲಿಯಾ ಹೂವಿನ ತಳಿಗೆ ಅವರ ಹೆಸರಿದೆ. ಮಲಯಾಳದ ಮಗಳೆಂದು ನಾವು ಅವರನ್ನು ಪಕ್ಕದ ಮನೆಗೆ ಬಿಟ್ಟುಕೊಡಬೇಕಾಗಿಲ್ಲ. ನೆರೆಮನೆಯ ಅಕ್ಕನ ಸಾಧನೆಯನ್ನು ನಮ್ಮ ಹುಡುಗಿಯರು ಕನ್ನಡದಲ್ಲಿ ಓದಲಿ.

ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿ ಕಲಿತ ನಮ್ಮ ಹುಡುಗಿ ಹನ್ನೊಂದನೆಯದರಲ್ಲಿ ಇಂಗ್ಲಿಷ್ ಪುಸ್ತಕದ ಮುಂದೆ ಕೂರಬೇಕಾಗುತ್ತದೆ. ಅಂಕ ಸಾಲದೆ ಅಲ್ಲ, ಧೈರ್ಯ ಸಾಲದೆ ವಿಜ್ಞಾನವನ್ನು ಬಿಡುವವರನ್ನು ಅಧ್ಯಾಪಕರಾದವರು ವರ್ಷವರ್ಷವೂ ನೋಡುತ್ತಾರೆ. ಗೋಡೆಯ ಮೇಲಿನ ಒಂದು ಚಿತ್ರದಿಂದ ಇದೆಲ್ಲ ಸರಿಹೋಗುತ್ತದೆಂದು ನಾವು ಹೇಳುವುದಿಲ್ಲ. ಆದರೆ ಪರಭಾಷೆಯಲ್ಲಿ ವೈದ್ಯಶಾಸ್ತ್ರ ಓದಿದ ಸೀರೆಯುಟ್ಟ ಇಪ್ಪತ್ತರ ಹುಡುಗಿಯೊಬ್ಬಳು ಅಲ್ಲಿಂದ ನೋಡುತ್ತಿದ್ದರೆ, ‘ಇದು ನಿನ್ನಿಂದಾಗದು’ ಎಂದು ಹೇಳುವವರ ದನಿ ಸ್ವಲ್ಪವಾದರೂ ತಗ್ಗೀತು.

ಹೆಸರಿಲ್ಲದ ಚಿತ್ರದ ಗತಿ ಏನೆಂಬುದಕ್ಕೆ ಒಂದು ನಿದರ್ಶನ. 1971ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ತಿಮಿಂಗಿಲಗಳ ಕುರಿತು ವಿಜ್ಞಾನಿಗಳ ಸಮ್ಮೇಳನ ನಡೆಯಿತು. ಸಾಮೂಹಿಕ ಚಿತ್ರದಲ್ಲಿ ಗಂಡಸರ ಹೆಸರುಗಳೆಲ್ಲ ಇದ್ದವು. ಮುಖ ಅರ್ಧ ಮರೆಯಾಗಿದ್ದ ಕಪ್ಪುವರ್ಣದ ಒಬ್ಬ ಮಹಿಳೆಯ ಬಗ್ಗೆ ಮಾತ್ರ ‘ಗುರುತು ಸಿಕ್ಕಿಲ್ಲ’ ಎಂದಿತ್ತು. 2018ರಲ್ಲಿ ಮಕ್ಕಳ ಪುಸ್ತಕವೊಂದರ ಚಿತ್ರಗಾರ್ತಿ ಪಟ್ಟುಹಿಡಿದು ವಿಚಾರಿಸಿದ ಮೇಲೆ, ಆಕೆ ಶೀಲಾ ಮೈನರ್, ಜೀವಶಾಸ್ತ್ರ ಸಂಶೋಧನೆಯ ತಂತ್ರಜ್ಞೆ ಎಂದು ತಿಳಿಯಿತು. ಸಹಾಯಕಿಯೋ ಗುಮಾಸ್ತೆಯೋ ಇರಬೇಕೆಂದು ಅದುವರೆಗೆ ಊಹಿಸಿದವರಿದ್ದರು.

ನಮ್ಮ ಮನೆಗಳಲ್ಲಿಯೂ ಅಂತಹ ಚಿತ್ರಗಳಿವೆ. ಚಾವಡಿಯ ಗೋಡೆಯಲ್ಲಿ, ಅಟ್ಟದ ಟ್ರಂಕಿನಲ್ಲಿ ಗೆದ್ದಲಿಗೆ ಅಂಜುತ್ತ ಕೂತಿವೆ. ದಾದಿ ತರಬೇತಿಗೆ ಮಂಗಳೂರಿಗೆ ಹೋದ ಅತ್ತೆ, ಮೊದಲು ಬಿ.ಎಸ್ಸಿ. ಓದಿದ ಚಿಕ್ಕಮ್ಮ, ವಿಜ್ಞಾನ ಕಲಿಸಿದ ಟೀಚರು. ‘ಕುಳಿತವರು ಎಡದಿಂದ ಬಲಕ್ಕೆ’ ಎಂದು ಗಂಡಸರ ಹೆಸರು ಸಾಲಾಗಿ ಹಾಕಿ, ಕೊನೆಗೆ ‘ಮತ್ತು ಮಹಿಳೆಯರು’ ಎಂದು ಮುಗಿಸುವ ಚಾಳಿ ಪತ್ರಿಕೆಗಳಿಗೂ ಇದೆ. ನಾವೂ ಅದರಿಂದ ಹೊರತಲ್ಲ, ತಿದ್ದಿಕೊಳ್ಳುತ್ತೇವೆ.

ಶಾಲೆಗಳ ಮುಖ್ಯೋಪಾಧ್ಯಾಯರೂ ರಕ್ಷಕ ಶಿಕ್ಷಕ ಸಂಘದವರೂ ಈ ವರ್ಷ ವಿಜ್ಞಾನ ಕೊಠಡಿಯಲ್ಲಿ ಇಂತಹ ನಾಲ್ಕಾರು ಚಿತ್ರಗಳನ್ನು ಕನ್ನಡದ ಶುದ್ಧ ಹೆಸರಿನೊಂದಿಗೆ ತೂಗುಹಾಕಲಿ. ಮನೆಯ ಚಿತ್ರಗಳ ಕೆಲಸ ಅಜ್ಜಿಯಂದಿರು ಇರುವಾಗಲೇ ಆಗಬೇಕು. ಹೆಸರು, ತವರುಮನೆ, ಇಸವಿ, ಕೆಲಸ ಇಷ್ಟನ್ನು ಕೇಳಿ ಚಿತ್ರದ ಹಿಂಬದಿಯ ಅಂಚಿನಲ್ಲಿ ಬರೆಯಿರಿ. ಶಾಯಿ ಬೇಡ, ಮುಂಬದಿಗೆ ಹಾಯುತ್ತದೆ. ಮೆದು ಪೆನ್ಸಿಲ್ ಸಾಕು. ನಮಗೆ ಪ್ರತಿ ಕಳುಹಿಸಿದರೆ ಸಂತೋಷದಿಂದ ಪ್ರಕಟಿಸುತ್ತೇವೆ, ಮೂಲಚಿತ್ರ ಮನೆಯಲ್ಲಿಯೇ ಇರಲಿ.